ಕ್ಯಾಡ್ ಕಂಪ್ಯೂಟರ್ ಕಟ್ಟಿಸೋ ಮುಂಚೆ ನಿಮ್ಮ ಭಾರದ ಫೈಲ್ ತಗೊಂಡು ಬನ್ನಿ

ಹಾಸನದಲ್ಲಿ ನಾನು ಕಂಪ್ಯೂಟರ್ ಅಸೆಂಬಲ್ ಮಾಡೋಕೆ ಶುರು ಮಾಡಿ ಹದಿನಾಲ್ಕು ವರ್ಷ ಆಯ್ತು. ಬರೋರಲ್ಲಿ ಅರ್ಧಕ್ಕರ್ಧ ಕ್ಯಾಡ್, ಅಂದ್ರೆ ಕಂಪ್ಯೂಟರಲ್ಲಿ ಡ್ರಾಯಿಂಗ್ ಮಾಡೋ ಕೆಲಸದವ್ರೇ, ಸಿವಿಲ್ ಇಂಜಿನಿಯರ್‌ಗಳು, ಸರ್ವೆ ಮಾಡೋರು, ಸಕಲೇಶಪುರ ಮೂಡಿಗೆರೆ ಕಡೆ ಹೋಂಸ್ಟೇ ಡಿಸೈನ್ ಮಾಡೋ ಆರ್ಕಿಟೆಕ್ಟ್‌ಗಳು, ಮಲ್ನಾಡ್ ಕಾಲೇಜಲ್ಲಿ ಮೆಕ್ಯಾನಿಕಲ್ ಓದೋ ಹುಡುಗ್ರು. ಎಲ್ರೂ ಮೊದಲು ಕೇಳೋದು "ಸಾರ್ ಎಷ್ಟು ಜಿಬಿ ಗ್ರಾಫಿಕ್ಸ್ ಕಾರ್ಡ್ ಹಾಕ್ಬೇಕು" ಅಂತ. ನಾನು ಹೇಳೋದೂ ಯಾವಾಗ್ಲೂ ಒಂದೇ, ನಿಮ್ಮ ಹತ್ರ ಇರೋದ್ರಲ್ಲಿ ಅತಿ ಭಾರದ ಫೈಲ್ ಪೆನ್‌ಡ್ರೈವ್‌ಗೆ ಹಾಕ್ಕೊಂಡು ಬನ್ನಿ, ಅದು ನಿಮ್ಮನ್ನ ಎಲ್ಲಿ ಕಾಯಿಸುತ್ತೆ ಅಂತ ಅರ್ಧ ಗಂಟೆ ಕೂತು ನೋಡೋಣ, ರೇಟು ಆಮೇಲೆ ಮಾತಾಡೋಣ.

ಹೊಳೆನರಸೀಪುರ ಕಡೆಯ ಒಬ್ರು ಇಂಜಿನಿಯರ್ ಹಳೇ ಸರ್ವರ್ ಥರದ ಮಷೀನ್ ಒಂದು ತಗೊಂಡಿದ್ರು. ಎರಡು ಝಿಯಾನ್ ಇ5-2680 ವಿ4 ಪ್ರೊಸೆಸರ್, ಒಟ್ಟು 28 ಕೋರ್ (ಲೆಕ್ಕ ಮಾಡೋ ಘಟಕ), 56 ಥ್ರೆಡ್ (ಒಟ್ಟಿಗೆ ಓಡಿಸಬಹುದಾದ ಕೆಲಸದ ಸಾಲು), 64 ಜಿಬಿ ರ್‍ಯಾಮ್, ಕೇಳಿದ್ರೆ ಎಂಥವ್ರಿಗೂ ಆಸೆ ಆಗುತ್ತೆ. ಆದ್ರೆ ಆಟೋಕ್ಯಾಡ್‌ನಲ್ಲಿ ಒಂದು ಬಡಾವಣೆ ಲೇಔಟ್ ತೆಗೆದು ರೀಜೆನ್ (ಇಡೀ ಡ್ರಾಯಿಂಗ್ ಮತ್ತೆ ಲೆಕ್ಕ ಹಾಕಿ ತೋರ್ಸೋ ಆಜ್ಞೆ) ಕೊಟ್ರೆ ಎದ್ದು ಹೋಗಿ ಟೀ ಕುಡ್ಕೊಂಡು ಬರೋಷ್ಟು ಹೊತ್ತು. ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದ್ದಾರೆ, ಪ್ರೊಸೆಸರ್ ಬರೀ 3 ಪರ್ಸೆಂಟ್ ತೋರ್ಸಿದೆ, ಓ ಇದು ಖಾಲಿ ಕೂತಿದೆ, ತೊಂದ್ರೆ ಇರೋದು ಗ್ರಾಫಿಕ್ಸ್‌ದು ಅಂದ್ಕೊಂಡು ಹೊಸ ಕಾರ್ಡ್ ಹಾಕ್ಸಿದ್ದಾರೆ, ಒಂದು ಚೂರೂ ಫರಕ್ ಆಗಿಲ್ಲ.

ಇಲ್ಲೇ ನೋಡಿ ಎಲ್ರೂ ಎಡವೋದು. 56 ಥ್ರೆಡ್ ಇರೋ ಮಷೀನಲ್ಲಿ ಒಂದೇ ಒಂದು ಥ್ರೆಡ್ ಪೂರ್ತಿ ಉಸಿರು ಬಿಟ್ಕೊಂಡು ಓಡ್ತಿದ್ರೂ ಟಾಸ್ಕ್ ಮ್ಯಾನೇಜರ್ ಲೆಕ್ಕದಲ್ಲಿ ಅದು 1.8 ಪರ್ಸೆಂಟ್ ಅಷ್ಟೇ, ಅದ್ರ ಜೊತೆಗೆ ವಿಂಡೋಸ್ ಆ ಕೆಲಸನ ಒಂದು ಕೋರ್‌ನಿಂದ ಇನ್ನೊಂದಕ್ಕೆ ಎತ್ತಾಕ್ತಾ ಇರುತ್ತೆ, ಹಂಗಾಗಿ ಅಲ್ಲಿ ಒಂದೊಂದು ಥ್ರೆಡ್‌ಗೂ ತೋರ್ಸೋ ಗ್ರಾಫ್ ಡಬ್ಬಿಗಳಲ್ಲಿ ಯಾವುದೂ ತುಂಬಿದಂಗೆ ಕಾಣಲ್ಲ. ಆಟೋಕ್ಯಾಡ್ ಹೆಚ್ಚಿನ ಕೆಲಸ ಮಾಡೋದು ಒಂದೇ ಥ್ರೆಡ್‌ನಲ್ಲಿ. ಸಾಲಿಡ್‌ವರ್ಕ್ಸ್‌ನಲ್ಲಿ ಒಂದು ಮೆಷಿನ್ ಪಾರ್ಟ್‌ನ ಮಾಡೆಲ್ ರೀಬಿಲ್ಡ್ ಆಗೋದೂ (ಮೊದಲಿಂದ ಮತ್ತೆ ಲೆಕ್ಕ ಆಗೋದೂ) ಹಂಗೇ, ಮೊದಲನೇ ಫೀಚರ್, ಅಂದ್ರೆ ಮೊದಲನೇ ಹಂತ, ಆಗ್ದೆ ಅದ್ರ ಮೇಲೆ ನಿಂತಿರೋ ಎರಡನೇದು ಶುರು ಮಾಡೋಕಾಗಲ್ಲ. ಮನೆ ಕಟ್ಟಿಸಿದವ್ರಿಗೆ ಇದು ಗೊತ್ತಿರುತ್ತೆ, ಪಾಯ ಆಗ್ದೆ ಗೋಡೆ ಏಳಲ್ಲ, ಗೋಡೆ ಏಳ್ದೆ ಮೋಲ್ಡ್ ಹಾಕಕ್ಕಾಗಲ್ಲ, 28 ಜನ ಗಾರೆಯವ್ರನ್ನ ಒಟ್ಟಿಗೆ ಕರೆಸಿದ್ರೂ ಅಷ್ಟೇ. ನಮ್ಮ ಅಂಗಡಿಯಲ್ಲಿ ಬಿಲ್ಲಿಂಗ್‌ಗೆ ಇಟ್ಕೊಂಡಿದ್ದ ಐ3-12100 ಮಷೀನಲ್ಲಿ ಅದೇ ಫೈಲ್ ತೆಗೆದೆ, ಅವ್ರ ಮಷೀನ್‌ಗಿಂತ ಎಷ್ಟೋ ಬೇಗ ರೀಜೆನ್ ಆಯ್ತು. ಅದ್ರಲ್ಲಿರೋದು ನಾಲ್ಕೇ ಕೋರ್, ಆದ್ರೆ 4.3 ಗಿಗಾಹರ್ಟ್ಸ್ ತನಕ ಹೋಗುತ್ತೆ, ಆ ಝಿಯಾನ್ 3.3 ದಾಟಲ್ಲ, ಮೇಲಿಂದ ಹೊಸ ಕೋರ್ ಒಂದೊಂದು ಸೈಕಲ್‌ನಲ್ಲಿ ಮಾಡೋ ಕೆಲಸಾನೂ ಜಾಸ್ತಿ. ಅದಕ್ಕೇ ಡ್ರಾಫ್ಟಿಂಗ್, ಮಾಡೆಲಿಂಗ್‌ಗೆ ಕೋರ್ ಎಣಿಸ್ಬೇಡಿ, ಸಿಂಗಲ್ ಕೋರ್ ಸ್ಪೀಡ್ ನೋಡಿ, ಆರು ಎಂಟು ವೇಗದ ಕೋರ್ ಇದ್ರೆ ಸಾಕು.

ಇಂಟೆಲ್ 13, 14ನೇ ಜನರೇಷನ್ ದೊಡ್ಡ ಪ್ರೊಸೆಸರ್‌ಗಳಲ್ಲಿ ವೋಲ್ಟೇಜ್ ಜಾಸ್ತಿ ಹೋಗಿ ಕ್ರ್ಯಾಶ್ ಆಗೋ ತೊಂದ್ರೆ ಇತ್ತು, 2024ರಲ್ಲಿ ಕಂಪನಿನೇ ಅದಕ್ಕೆ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಕೋಡ್‌ನ ತಿದ್ದುಪಡಿ) ಬಿಡುಗಡೆ ಮಾಡಿ ವಾರಂಟಿ ಎರಡು ವರ್ಷ ಹೆಚ್ಚಿಸ್ತು, ಆ ಪ್ರೊಸೆಸರ್ ತಗೊಳ್ಳೋದಾದ್ರೆ ಮೊದಲ ದಿನವೇ ಮದರ್‌ಬೋರ್ಡ್‌ನ ಬಯಾಸ್ ಅಪ್‌ಡೇಟ್ ಮಾಡ್ಸಿ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಅಂತ ಇರೋದು ಒಂದಿಷ್ಟು ಕಮ್ಮಿಗೆ ಸಿಗುತ್ತೆ ಆದ್ರೆ ಅದ್ರಲ್ಲಿ ಒಳಗಡೆ ಗ್ರಾಫಿಕ್ಸ್ ಇರಲ್ಲ. ನಾಳೆ ಕಾರ್ಡ್ ಕೆಟ್ಟು ರಿಪ್ಲೇಸ್‌ಮೆಂಟ್‌ಗೆ ಬೆಂಗಳೂರಿಗೆ ಕಳ್ಸಿದ್ರೆ ಅದು ವಾಪಸ್ ಬರೋ ತನಕ ಸ್ಕ್ರೀನೇ ಬರಲ್ಲ, ನಮ್ಮಂಥ ಊರಲ್ಲಿರೋರಿಗೆ ಆ ಉಳಿತಾಯ ಬೇಡ ಅಂತೀನಿ.

ರೆಂಡರಿಂಗ್, ಅಂದ್ರೆ ಮಾಡೆಲ್‌ನಿಂದ ಫೋಟೋ ಥರದ ಚಿತ್ರ ಮಾಡೋದು, ಅದು ಮಾತ್ರ ಬೇರೆ ಲೆಕ್ಕ. ಚಿತ್ರನ ತುಂಡು ತುಂಡು ಮಾಡಿ ಎಲ್ಲಾ ಕೋರ್‌ಗೂ ಹಂಚಬಹುದು, ಅಲ್ಲಿ 28 ಗಾರೆಯವ್ರೂ ಒಟ್ಟಿಗೆ ದುಡೀತಾರೆ. ಲೂಮಿಯಾನ್, ಎನ್‌ಸ್ಕೇಪ್ ಥರದ ರೆಂಡರ್ ಸಾಫ್ಟ್‌ವೇರ್‌ಗಳು ಭಾರನೆಲ್ಲ ಗ್ರಾಫಿಕ್ಸ್ ಕಾರ್ಡ್ ಮೇಲೆ ಹಾಕುತ್ವೆ. ಕಾಫಿ ತೋಟದೊಳಗಿನ ಹೋಂಸ್ಟೇ ಅಂದ್ರೆ ಸಿಲ್ವರ್ ಓಕ್ ಬೇಕು, ಕಾಫಿ ಗಿಡ ಬೇಕು, ಮೆಣಸಿನ ಬಳ್ಳಿ ಬೇಕು, ಒಂದೊಂದಕ್ಕೂ ದೊಡ್ಡ ದೊಡ್ಡ ಟೆಕ್ಸ್ಚರ್ (ಮೇಲ್ಮೈಗೆ ಅಂಟಿಸೋ ಚಿತ್ರ), ನೋಡ್ತಾ ನೋಡ್ತಾ ಕಾರ್ಡ್‌ನ 8 ಜಿಬಿ ಮೆಮೊರಿ ತುಂಬ್ಕೊಂಡು ತಡವರಿಸೋಕೆ ಶುರು ಆಗುತ್ತೆ. ಆ ಕೆಲಸ ಮಾಡೋರಿಗೆ 12 ಅಥವಾ 16 ಜಿಬಿ ಇರೋ ಜಿಫೋರ್ಸ್ ಕಾರ್ಡೇ ಸರಿ. ಸಾಲಿಡ್‌ವರ್ಕ್ಸ್‌ನಲ್ಲೇ ದಿನವಿಡೀ ದೊಡ್ಡ ಅಸೆಂಬ್ಲಿ ತಿರುಗಿಸೋರಿಗೆ ಎನ್‌ವಿಡಿಯಾ ಆರ್‌ಟಿಎಕ್ಸ್ ಎ2000 ಥರದ ಸರ್ಟಿಫೈಡ್ ಕಾರ್ಡ್ ಹಾಕ್ತೀನಿ, 70 ವ್ಯಾಟ್‌ನಲ್ಲಿ ಓಡುತ್ತೆ, ಬೇರೆ ಪವರ್ ಕೇಬಲ್ಲೂ ಬೇಡ, ಡ್ರೈವರ್‌ನ ಆ ಸಾಫ್ಟ್‌ವೇರ್ ಜೊತೆ ಪರೀಕ್ಷೆ ಮಾಡಿರ್ತಾರೆ. ಅದಕ್ಕೆ ಇರೋದು ಮಿನಿ ಡಿಸ್‌ಪ್ಲೇಪೋರ್ಟ್, ಅಡಾಪ್ಟರ್ ಮೊದಲೇ ತರಿಸ್ಕೊಳ್ಳಿ. ಬರೀ ಟೂಡಿ ಪ್ಲಾನ್ ಬರೆಯೋರಿಗೆ ದುಬಾರಿ ಕಾರ್ಡ್ ಹಾಕ್ಸೋದು ತಪ್ಪು, ಆ ದುಡ್ಡು ಒಳ್ಳೇ ಮಾನಿಟರ್‌ಗೆ ಹಾಕಿ, ಕಣ್ಣಿಗೆ ಉಪಕಾರ ಆಗುತ್ತೆ.

ರ್‍ಯಾಮ್ ಆಟೋಕ್ಯಾಡ್‌ಗೆ 16, ಕಟ್ಟಡದ ಮಾಡೆಲ್ ಮಾಡೋ ರೆವಿಟ್, ಸಾಲಿಡ್‌ವರ್ಕ್ಸ್‌ಗೆ 32 ಜಿಬಿಯಿಂದ ಶುರು. ರೆವಿಟ್ ಫೈಲ್ ಡಿಸ್ಕ್‌ನಲ್ಲಿ ಎಷ್ಟಿದೆಯೋ ಅದ್ರ ಇಪ್ಪತ್ತು ಪಟ್ಟು ರ್‍ಯಾಮ್ ಕೇಳುತ್ತೆ ಅನ್ನೋ ಹಳೇ ಲೆಕ್ಕ ಅಂದಾಜಿಗೆ ಇಟ್ಕೊಬಹುದು. 32ರದ್ದು ಒಂದೇ ಕಡ್ಡಿ ಬೇಡ, 16ರದ್ದು ಎರಡು ಹಾಕ್ಸಿ, ಆಗ ಪ್ರೊಸೆಸರ್‌ಗೆ ಹೋಗೋ ಎರಡು ದಾರಿನೂ (ಚಾನೆಲ್) ಕೆಲಸ ಮಾಡುತ್ವೆ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಅನ್ನೋ ಮೆಮೊರಿ ಸ್ಪೀಡ್ ಸೆಟ್ಟಿಂಗ್ ಆನ್ ಮಾಡ್ದೆ ಬಿಟ್ರೆ 6000 ಸ್ಪೀಡ್ ಅಂತ ದುಡ್ಡು ಕೊಟ್ಟು ತಂದಿದ್ದು 4800ರಲ್ಲೇ ಓಡ್ತಿರುತ್ತೆ, ಎಷ್ಟೋ ಮಷೀನ್‌ಗಳಲ್ಲಿ ನೋಡಿದ್ದೀನಿ. ಎಸ್‌ಎಸ್‌ಡಿ ಎನ್‌ವಿಎಂಇ 1 ಟಿಬಿ, ಬ್ಯಾಕಪ್‌ಗೆ ಬೇರೆ ಡಿಸ್ಕ್, ಅದ್ರ ಬಗ್ಗೆ ಜಾಸ್ತಿ ಯೋಚ್ನೆ ಬೇಡ.

ಜಾಸ್ತಿ ಯೋಚ್ನೆ ಬೇಕಿರೋದು ಕರೆಂಟ್ ಬಗ್ಗೆ, ಅದನ್ನೇ ಯಾರೂ ಕೇಳಲ್ಲ. ಹಳೇ ಹೆಂಚಿನ ಮನೆಗಳಲ್ಲಿ ಆಫೀಸ್ ಇಟ್ಕೊಂಡವ್ರಲ್ಲಿ ಸುಮಾರು ಜನಕ್ಕೆ ಅರ್ಥಿಂಗೇ ಇಲ್ಲ. ಕ್ಯಾಬಿನೆಟ್ ಮುಟ್ಟಿದ್ರೆ ಜುಂ ಅನ್ನುತ್ತೆ ಸಾರ್ ಅಂತಾರೆ, ಅದು ಎಸ್‌ಎಂಪಿಎಸ್ (ಪವರ್ ಸಪ್ಲೈ ಡಬ್ಬ) ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ ಬರೋದು, ಅರ್ಥ್ ಸಿಗದೇ ಇದ್ದಾಗ ಕ್ಯಾಬಿನೆಟ್ 230ರ ಅರ್ಧದಷ್ಟು ವೋಲ್ಟೇಜ್‌ನಲ್ಲಿ ತೇಲ್ತಾ ಇರುತ್ತೆ. ನಾನು ಮಷೀನ್ ಇಡೋಕೆ ಹೋದಾಗ ಮಲ್ಟಿಮೀಟರ್ ಹಿಡ್ಕೊಂಡೇ ಹೋಗ್ತೀನಿ, ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ 3 ವೋಲ್ಟ್‌ಗಿಂತ ಜಾಸ್ತಿ ಬಂದ್ರೆ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಆಮೇಲೆ ಪ್ಲಗ್ ಹಾಕೋಣ ಅಂತೀನಿ. ಇನ್ನು 600 ವಿಎ ಯುಪಿಎಸ್ ಅಂದ್ರೆ ಸಾಮಾನ್ಯವಾಗಿ 360 ವ್ಯಾಟ್, ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರೋ ಮಷೀನ್ ರೆಂಡರ್ ಮಾಡುವಾಗ ಕರೆಂಟ್ ಹೋದ್ರೆ ಅದು ಹೊರಲ್ಲ, ಅಲ್ಲೇ ಆಫ್ ಆಗುತ್ತೆ. ಭರಣಿ ಕೃತ್ತಿಕೆ ಮಳೆ ಗುಡುಗು ಶುರುವಾದ್ರೆ ಪವರ್ ಪ್ಲಗ್ ಜೊತೆ ನೆಟ್‌ವರ್ಕ್ ಕೇಬಲ್ಲೂ ಕಿತ್ತಿಡಿ, ಸಿಡಿಲು ಆ ತಂತಿಯಲ್ಲೂ ಬರುತ್ತೆ. ಮಳೆಗಾಲದಲ್ಲಿ ತಿಂಗಳುಗಟ್ಲೆ ಮುಚ್ಚಿಟ್ಟ ಮಷೀನ್ ಆನ್ ಆಗ್ಲಿಲ್ಲ ಅಂದ್ರೆ ಹೆದರ್ಬೇಡಿ, ರ್‍ಯಾಮ್ ತೆಗೆದು ಅದ್ರ ಚಿನ್ನದ ಬಣ್ಣದ ಕಾಲುಗಳಿಗೆ ಪೆನ್ಸಿಲ್ ರಬ್ಬರ್ ಮೆಲ್ಲಗೆ ಉಜ್ಜಿ ಹಾಕಿದ್ರೆ ಎಷ್ಟೋ ಸಲ ಎದ್ದು ಕೂರುತ್ತೆ.

ಆ ಹೊಳೆನರಸೀಪುರದವ್ರ ಫೈಲ್‌ನಲ್ಲಿ ಇನ್ನೊಂದು ವಿಷಯ ಇತ್ತು. ಪರ್ಜ್, ಆಡಿಟ್, ಓವರ್‌ಕಿಲ್ ಅನ್ನೋ ಫೈಲ್‌ನ ಕಸ, ತಪ್ಪು ತೆಗೆಯೋ ಆಜ್ಞೆ ಮೂರೂ ಕೊಟ್ಟೆ, ಎಲ್ಲಿಂದಲೋ ಕಾಪಿ ಆಗಿ ಬಂದ ಬ್ಲಾಕು, ಒಂದ್ರ ಮೇಲೊಂದು ಬಿದ್ದಿದ್ದ ಗೆರೆ ಎಲ್ಲ ಹೋಗಿ ಫೈಲ್ ಅರ್ಧಕ್ಕಿಳೀತು. ಇದನ್ನ ನಾನು ಎಲ್ರಿಗೂ ಮೊದಲು ಮಾಡಿಸ್ತೀನಿ, ಇಷ್ಟಕ್ಕೇ ಸರಿಹೋಗಿ ಹೊಸ ಮಷೀನ್ ಬೇಡ ಅಂತ ವಾಪಸ್ ಹೋದವ್ರೂ ಇದ್ದಾರೆ. ಇವ್ರಿಗೆ ಅಷ್ಟು ಸಾಲಲಿಲ್ಲ. ರೈಜನ್ 5 9600ಎಕ್ಸ್ ಪ್ರೊಸೆಸರ್, 32 ಜಿಬಿ ರ್‍ಯಾಮ್ ಹಾಕಿ, ಅವ್ರು ಸುಮ್ನೆ ತಗೊಂಡಿದ್ದ ಗ್ರಾಫಿಕ್ಸ್ ಕಾರ್ಡ್‌ನೇ ಕಿತ್ತು ಇದಕ್ಕೆ ಕೂರಿಸಿದ್ವಿ. ಝಿಯಾನ್ ಮಷೀನ್ ಮಾರ್ಬಿಡ್ತೀನಿ ಅಂದ್ರು, ನಾನು ಬೇಡ ಅಂದೆ. ಈಗ ಅದು ಮೂಲೆಯಲ್ಲಿ ವಿ-ರೇ ಅನ್ನೋ ರೆಂಡರ್ ಸಾಫ್ಟ್‌ವೇರ್ ಹಾಕ್ಕೊಂಡು ರಾತ್ರಿ ಹೊತ್ತು ಎಲಿವೇಷನ್ ರೆಂಡರ್ ಮಾಡುತ್ತೆ, ಆಗ ಟಾಸ್ಕ್ ಮ್ಯಾನೇಜರ್ ತೆಗೆದ್ರೆ 56 ಡಬ್ಬಿನೂ ತುಂಬಿರುತ್ತೆ.