ಹಂಡೆ ಇಳಿಸುವ ಹೊತ್ತಿಗೆ ಎರಡನೇ ಬಾಟಲಿ

ಮನೆಯಲ್ಲಿ ಬಿಯರ್ ಮಾಡುವ ದಿನ ಕೆಲಸಕ್ಕಿಂತ ಕಾಯುವುದೇ ಜಾಸ್ತಿ. ನುರಿದ ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, 65ರಿಂದ 67 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಬೇಕು. ಸೋಸಿದಾಗ ಬರುವ ಸಿಹಿ ನೀರಿಗೆ ವರ್ಟ್ ಅಂತಾರೆ. ಅದಕ್ಕೆ ಕಹಿಗೆಂದು ಹಾಪ್ಸ್ ಹೂವು ಹಾಕಿ ಇನ್ನೊಂದು ಗಂಟೆ ಕುದಿಸಬೇಕು. ಆಮೇಲೆ ಆರಿಸಬೇಕು, ಯೀಸ್ಟ್ ಹಾಕಬೇಕು, ಪಾತ್ರೆಪಗಡ ತೊಳೆಯಬೇಕು. ನಡುವೆ ಸುಮ್ನೆ ಕೂರುವ ಹೊತ್ತು ಬೇಕಾದಷ್ಟು. ಆಗಲೇ ಯಾರೋ ಎದ್ದು ಹೋಗಿ ಫ್ರಿಜ್ ಬಾಗಿಲು ತೆಗೆಯುತ್ತಾರೆ.

ನಾನು ಚಿಕ್ಕಮಗಳೂರಿನಲ್ಲಿ ಸರ್ಜನ್. ಬಿಯರ್ ಮಾಡುವ ಬಗ್ಗೆ ನನಗೆ ಗೊತ್ತಿರುವುದೆಲ್ಲ ಡ್ರೆಸ್ಸಿಂಗ್ ಟೇಬಲ್ ಮೇಲೆ ಮಲಗಿದವರಿಂದ ಕೇಳಿ ತಿಳಿದದ್ದು. ನಮ್ಮ ಕಡೆ ಎಸ್ಟೇಟ್ ಮನೆಗಳಲ್ಲಿ ದ್ರಾಕ್ಷಿ ವೈನ್, ನೆಲ್ಲಿಕಾಯಿ ವೈನ್ ಹಳೇ ಅಭ್ಯಾಸ. ಅದರಲ್ಲಿ ಬೆಂಕಿಯ ಕೆಲಸ ಕಡಿಮೆ, ಹಾಗಾಗಿ ಅವರು ನನ್ನ ಹತ್ತಿರ ಬರುತ್ತಿದ್ದುದೂ ಕಡಿಮೆ. ಈಗ ಬೆಂಗಳೂರಿನ ಕೆಲಸವನ್ನು ಊರಿನ ಮನೆಯಿಂದಲೇ ಮಾಡುವ ಹುಡುಗರು ಬಂದಿದ್ದಾರೆ. ಮಾಲ್ಟ್, ಹಾಪ್ಸ್, ಯೀಸ್ಟ್ ಎಲ್ಲ ಕೊರಿಯರ್‌ನಲ್ಲಿ ಬರುತ್ತದೆ. ಕಲಿಯುವುದು ವಿದೇಶದವರ ವಿಡಿಯೋ ನೋಡಿ. ಆ ವಿಡಿಯೋಗಳಲ್ಲಿ ಒಂದು ಕೈ ಸೌಟಿನ ಮೇಲೆ, ಇನ್ನೊಂದು ಕೈಯಲ್ಲಿ ಗ್ಲಾಸ್.

ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಅಪರಾಧ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮಾಡಿ ಅಂತ ನಾನು ಯಾರಿಗೂ ಹೇಳುತ್ತಿಲ್ಲ. ಆದರೆ ಮಾಡುವವರು ಮಾಡುತ್ತಲೇ ಇದ್ದಾರೆ, ಗಾಯ ಹೊತ್ತು ಬರುವವರು ಬರುತ್ತಲೇ ಇದ್ದಾರೆ.

ಬಂದವರಿಗೆ ನಾನು ತಪ್ಪದೆ ಕೇಳುವ ಪ್ರಶ್ನೆ ಒಂದೇ: ಮೊದಲ ಬಾಟಲಿ ತೆಗೆದದ್ದು ಎಷ್ಟು ಹೊತ್ತಿಗೆ? ಯಾಕೆಂದರೆ ಈ ಕೆಲಸದ ಅಪಾಯಗಳು ದಿನವಿಡೀ ಸಮನಾಗಿ ಹಂಚಿಕೊಂಡಿಲ್ಲ. ಬೆಳಿಗ್ಗೆ ಮಾಲ್ಟ್ ನೆನೆಹಾಕುವಾಗ ಕೆಟ್ಟರೆ ಬಿಯರ್ ಕೆಡುತ್ತದೆ, ಅಷ್ಟೆ. ಕುದಿಯುವ ಹಂಡೆ ಇಳಿಸುವುದು, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಬಗ್ಗಿಸುವುದು, ಗಾಜಿನ ಜಾಡಿ ಎತ್ತುವುದು, ಕಾಸ್ಟಿಕ್ ಸೋಡಾ ಅಥವಾ ಬ್ಲೀಚ್ ಹಾಕಿ ತೊಳೆಯುವುದು ಎಲ್ಲ ಕೊನೆಯ ಪಾಳಿಯ ಕೆಲಸ. ಕುಡಿಯುವವನಿಗೆ ತಲೆಗೇರುವುದೂ ಆಗಲೇ.

ಲೆಕ್ಕ ನೋಡಿ. 650 ಎಂಎಲ್ ಸ್ಟ್ರಾಂಗ್ ಬಿಯರ್ 8 ಪರ್ಸೆಂಟಿನದ್ದಾದರೆ ಅದರಲ್ಲಿ ಸುಮಾರು 40 ಗ್ರಾಂ ಆಲ್ಕೋಹಾಲ್ ಇರುತ್ತದೆ. 70 ಕೆಜಿ ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಕುಡಿದರೆ ಅದೊಂದೇ ಬಾಟಲಿ 100 ಎಂಎಲ್ ರಕ್ತದಲ್ಲಿ ಸುಮಾರು 80 ಮಿಲಿಗ್ರಾಂವರೆಗೆ ಏರಿಸಬಹುದು. ಗಾಡಿ ಓಡಿಸಲು ಕಾನೂನು ಬಿಡುವುದು 30 ಮಿಲಿಗ್ರಾಂ. ಲಿವರ್ ಗಂಟೆಗೆ ಸುಮಾರು 15 ಮಿಲಿಗ್ರಾಂ ಇಳಿಸುತ್ತದೆ. ನೀವು ಅವಸರ ಮಾಡಿದರೂ ಅದು ಅವಸರ ಮಾಡುವುದಿಲ್ಲ. ಹತ್ತು ಗಂಟೆಗೆ ಶುರು ಮಾಡಿ ಒಂದು ಗಂಟೆಯೊಳಗೆ ಎರಡು ಬಾಟಲಿ ಮುಗಿಸಿದವನು ಹಂಡೆಯ ಕಿವಿ ಹಿಡಿಯುವಾಗ ಗಾಡಿಯ ಮಿತಿಯ ಮೂರು ಪಟ್ಟು ದಾಟಿರುತ್ತಾನೆ. ಆ ಸ್ಥಿತಿಯಲ್ಲಿ ಬೈಕ್ ಕೀ ಕೊಡದ ಸ್ನೇಹಿತರೇ 20 ಲೀಟರ್ ಕುದಿಯುವ ವರ್ಟ್ ಕೊಡುತ್ತಾರೆ.

ಇದರಲ್ಲಿ ಒಂದು ತಮಾಷೆಯೂ ಇದೆ. ಆ ದಿನ ಕುಡಿಯುವುದು ಅಂಗಡಿಯ ಬಿಯರ್. ಹಂಡೆಯಲ್ಲಿರುವುದು ಬರೀ ಸಕ್ಕರೆ ನೀರು, ಅದರಲ್ಲಿ ಹನಿ ಆಲ್ಕೋಹಾಲ್ ಇಲ್ಲ. ಹುಳಿಬಂದು, ಬಾಟಲಿ ಸೇರಿ, ಗ್ಯಾಸ್ ಹಿಡಿಯಲು ಮೂರ್ನಾಲ್ಕು ವಾರ ಬೇಕು. ‘ರುಚಿ ನೋಡುತ್ತಿದ್ದೆ ಸಾರ್’ ಅನ್ನುವ ಮಾತು ಹಾಗಾಗಿ ನನ್ನ ಹತ್ತಿರ ನಡೆಯುವುದಿಲ್ಲ.

ಒಂದು ಕೇಸ್ ಹೇಳುತ್ತೇನೆ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಆಲ್ದೂರು ಕಡೆಯ ಎಸ್ಟೇಟ್ ಹುಡುಗ. ಮಳೆಗಾಲ. ಬಚ್ಚಲುಮನೆ ಪಕ್ಕದ ಶೆಡ್‌ನಲ್ಲಿ ಗ್ಯಾಸ್ ಒಲೆ ಮೇಲೆ ಹಂಡೆ. ವರ್ಟ್ ಆರಿಸಲು ತಾಮ್ರದ ಸುರುಳಿ ಇತ್ತು, ಅದರೊಳಗೆ ತಣ್ಣೀರು ಹರಿಯುತ್ತಿರಬೇಕು. ಸರಿಯಾದ ಹೊತ್ತಿಗೆ ಕರೆಂಟು ಹೋಯಿತು. ಮಲೆನಾಡಿನ ಮಳೆಗಾಲ, ಕೇಳಬೇಕೇ? ಪಂಪ್ ನಿಂತಿತು. ಮಾಮೂಲಿ ತಲೆಯಿದ್ದರೆ ಮುಚ್ಚಳ ಮುಚ್ಚಿ ಅಲ್ಲೇ ಬಿಡುತ್ತಿದ್ದ. ಎರಡು ಬಾಟಲಿ ಆಗಿತ್ತು. ಹಂಡೆಯನ್ನೇ ಎತ್ತಿಕೊಂಡು ಹೋಗಿ ನೀರಿನ ತೊಟ್ಟಿಯಲ್ಲಿ ಇಡೋಣ ಅನ್ನಿಸಿತು. ಹಂಡೆ ಸೇರಿ 23–24 ಕೆಜಿ ಭಾರ. ಶೆಡ್ಡಿನ ರೆಡ್ ಆಕ್ಸೈಡ್ ನೆಲದ ಮೇಲೆ ಆಗಲೇ ಉಕ್ಕಿ ಚೆಲ್ಲಿದ್ದ ವರ್ಟ್. ಇಂಬಳಕ್ಕೆ ಹೆದರಿ ಗಂಬೂಟ್ ಹಾಕಿದ್ದ. ಕಾಲು ಜಾರಿತು, ಹಂಡೆ ವಾಲಿತು, ಬಿಸಿ ವರ್ಟ್ ಎಡಗಾಲಿನ ಬೂಟಿನೊಳಗೆ ಇಳಿಯಿತು.

ಬರಿಗಾಲಿನ ಮೇಲೆ ಬಿದ್ದ ಬಿಸಿನೀರು ಹರಿದುಹೋಗುತ್ತದೆ. ಗಂಬೂಟಿನೊಳಗೆ ಹೋದದ್ದು ಹೋಗಲು ದಾರಿಯಿಲ್ಲ. ಮೇಲಿಂದ ಉಲ್ಲನ್ ಕಾಲುಚೀಲ ಅದನ್ನು ಹೀರಿ ಹಿಡಿದುಕೊಂಡಿತ್ತು. ನಮ್ಮ ಊರಿನ ಎತ್ತರದಲ್ಲಿ ನೀರು 96–97 ಡಿಗ್ರಿಗೇ ಕುದಿಯುತ್ತದೆ ಅಂತ ಸಮಾಧಾನ ಪಡುವ ಹಾಗಿಲ್ಲ. 60 ಡಿಗ್ರಿ ನೀರು ಐದಾರು ಸೆಕೆಂಡಿನಲ್ಲಿ ಚರ್ಮವನ್ನು ಆಳವಾಗಿ ಸುಡಲು ಸಾಕು. ವರ್ಟ್‌ನಲ್ಲಿ ನೂರಕ್ಕೆ ಹನ್ನೆರಡರಷ್ಟು ಸಕ್ಕರೆ ಬೇರೆ, ಮೈಗೆ ಅಂಟಿಕೊಳ್ಳುತ್ತದೆ.

ಬೂಟು ಕಳಚಲು ಇಬ್ಬರು ಸೇರಿ ಒದ್ದಾಡಿದರಂತೆ. ಕಾಲುಚೀಲ ಎಳೆದಾಗ ಜೊತೆಗೆ ಚರ್ಮವೂ ಬಂತು. ಮೇಲೆ ಟೂತ್‌ಪೇಸ್ಟ್ ಬಳಿದರು. ‘ಅಷ್ಟೇನು ನೋವಿಲ್ಲ’ ಅಂತ ಅವನು ಇನ್ನೊಂದು ಗ್ಲಾಸ್ ಹಾಕಿಕೊಂಡು ಮಲಗಿದ. ನನ್ನ ಹತ್ತಿರ ಬಂದದ್ದು ಸಂಜೆ, ತಾಯಿಯ ಜೊತೆ.

“ಸ್ನಾನದ ನೀರು ಬಿತ್ತು ಡಾಕ್ಟ್ರೇ” ಅಂದರು ಆಕೆ.

ಪೇಸ್ಟ್ ತೊಳೆದು ನೋಡಿದರೆ ಬೆರಳ ಸಂದಿಯಲ್ಲಿ ಹಸಿರು ಚೂರುಗಳು. ಹಾಪ್ಸ್ ಪುಡಿ. “ಸ್ನಾನದ ನೀರಿಗೆ ಏನು ಸೊಪ್ಪು ಹಾಕಿದ್ದೆಯಪ್ಪಾ?” ಅಂತ ಕೇಳಿದೆ. ಹುಡುಗ ಗೋಡೆ ನೋಡಿದ. ತಾಯಿಯೇ ಬಾಯಿಬಿಟ್ಟರು: “ಎರಡೇ ಬಾಟ್ಲಿಯಂತೆ ಡಾಕ್ಟ್ರೇ. ಅದೂ ಬರೀ ಬಿಯರ್ರು.”

ಪಾದದ ಮೇಲ್ಭಾಗಕ್ಕೆ ತೊಡೆಯ ಚರ್ಮ ತೆಗೆದು ಹಾಕಬೇಕಾಯಿತು. ಆಗಲೇ ಕಾಲಿನ ಮೇಲೆ 20 ನಿಮಿಷ ತಣ್ಣೀರು ಹರಿಸಿದ್ದರೆ ಗಾಯ ಇಷ್ಟು ಆಳಕ್ಕೆ ಹೋಗದೇ ಇರಬಹುದಿತ್ತು. ನಲ್ಲಿ ನೀರು ಇಲ್ಲದಿದ್ದರೆ ತೊಟ್ಟಿಯಿಂದ ಚೊಂಬಿನಲ್ಲಿ ಸುರಿಯುತ್ತಿರಬೇಕು. ಐಸ್ ಬೇಡ. ತಡವಾಗಿದ್ದರೂ ಮೂರು ಗಂಟೆಯೊಳಗೆ ಸುರಿದರೆ ಲಾಭ ಇದೆ. ಬೂಟು, ಉಂಗುರ, ಕಾಲ್ಗೆಜ್ಜೆ ತಕ್ಷಣ ತೆಗೆಯಬೇಕು. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಎಳೆಯಬಾರದು, ಸುತ್ತ ಕತ್ತರಿಸಿ ಬಿಡಬೇಕು. ಪೇಸ್ಟ್, ಇಂಕು, ತುಪ್ಪ, ಅರಿಶಿನ ಯಾವುದೂ ಬೇಡ. ನಮ್ಮ ಕಡೆಯ ಕಾಫಿಪುಡಿಯಂತೂ ಬೇಡವೇ ಬೇಡ. ಅದನ್ನು ಗಾಯದಿಂದ ಕೆರೆದು ತೆಗೆಯುವುದರಲ್ಲೇ ನಮ್ಮ ಅರ್ಧ ಹೊತ್ತು ಹೋಗುತ್ತದೆ. ಒಗೆದ ಹತ್ತಿ ಬಟ್ಟೆಯನ್ನು ಸಡಿಲವಾಗಿ ಹೊದಿಸಿ 108ಕ್ಕೆ ಫೋನ್ ಮಾಡಿ. ಕುಡಿದ ಸ್ನೇಹಿತನ ಜೀಪಿನಲ್ಲಿ ತಿರುವುಗಳ ರಸ್ತೆಯಲ್ಲಿ ಬರಬೇಡಿ.

ಕುಡಿದವನಿಗೆ ನೋವು ಕಡಿಮೆ ಅನ್ನಿಸುವುದೇ ದೊಡ್ಡ ತೊಂದರೆ. ನೋವಿಲ್ಲ ಅಂದರೆ ಗಾಯ ಸಣ್ಣದು ಅಂದುಕೊಳ್ಳುತ್ತಾನೆ. ಆಳವಾಗಿ ಸುಟ್ಟ ಜಾಗದಲ್ಲಿ ನರದ ತುದಿಗಳೂ ಸತ್ತಿರುವುದರಿಂದ ಅಲ್ಲಿ ನೋವೇ ಇರುವುದಿಲ್ಲ. ಎರಡೂ ಸೇರಿದಾಗ ಮನುಷ್ಯ ಮಲಗಿಬಿಡುತ್ತಾನೆ.

ಬಾಟಲಿ ತುಂಬುವ ದಿನ ಬೆಂಕಿ ಇಲ್ಲ ಅಂತ ಎಲ್ಲರೂ ಸಲೀಸಾಗಿರುತ್ತಾರೆ. ನನಗೆ ಹೆಚ್ಚು ಹೆದರಿಕೆ ಆ ದಿನದ ಮೇಲೆ. ಬಾಟಲಿಯೊಳಗೆ ಗ್ಯಾಸ್ ಹುಟ್ಟಲಿ ಅಂತ ಲೀಟರಿಗೆ 6–7 ಗ್ರಾಂ ಸಕ್ಕರೆ ಹಾಕಿ ಮುಚ್ಚಳ ಒತ್ತುತ್ತಾರೆ. ಯೀಸ್ಟ್ ಅದನ್ನು ತಿಂದು ಕಾರ್ಬನ್ ಡೈ ಆಕ್ಸೈಡ್ ಬಿಡುತ್ತದೆ. ಲೆಕ್ಕ ಸರಿಯಿದ್ದರೆ ನಮ್ಮ ಕಡೆಯ ಸೆಖೆಯ ದಿನದಲ್ಲೂ ಬಾಟಲಿಯೊಳಗಿನ ಒತ್ತಡ ಹೆಚ್ಚುಕಡಿಮೆ ಕಾರಿನ ಟೈರಿನಷ್ಟು. ಹಾಕಿದ್ದು ಮರೆತು ಇನ್ನೊಂದು ಸಲ ಅಷ್ಟೇ ಸಕ್ಕರೆ ಹಾಕಿದರೆ ಹತ್ತಿರ ಹತ್ತಿರ ಅದರ ಎರಡು ಪಟ್ಟು. ಒಳಗೆ ಹುಳಿಬರುವುದು ಮುಗಿದಿರದಿದ್ದರೆ ಇನ್ನೂ ಮೇಲೆ. ಮುಗಿದಿದೆಯೋ ಇಲ್ಲವೋ ನೋಡಲು ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇದೆ. ಎರಡು ಮೂರು ದಿನ ಒಂದೇ ರೀಡಿಂಗ್ ಬಂದರೆ ಮುಗಿದಿದೆ ಅಂತ ಅರ್ಥ. ಮೊದಲ ರೀಡಿಂಗ್ ಬರೆದಿಡದವನಿಗೆ ಕೊನೆಗೆ ತನ್ನ ಬಿಯರ್ 4 ಪರ್ಸೆಂಟೋ 7 ಪರ್ಸೆಂಟೋ ಗೊತ್ತಾಗುವುದಿಲ್ಲ. ಬರೆದಿಡದೇ ಇರುವುದು ಯಾಕೆ ಅಂತ ಹೇಳಬೇಕಾಗಿಲ್ಲ ಅಲ್ವಾ?

ಸಕಲೇಶಪುರದ ಕಡೆಯಿಂದ ಇಂಥದ್ದೇ ಒಬ್ಬರು ಬಂದಿದ್ದರು. ಇಬ್ಬರು ಗೆಳೆಯರು, ಮಧ್ಯಾಹ್ನದಿಂದ ಕೂತು ಬಾಟಲಿ ತುಂಬಿದ್ದರು. ಸಕ್ಕರೆ ಪಾಕವನ್ನು ಇಬ್ಬರೂ ಒಂದೊಂದು ಸಲ ಹಾಕಿದ್ದರು, ಇಬ್ಬರಿಗೂ ಇನ್ನೊಬ್ಬ ಹಾಕಿದ್ದು ನೆನಪಿಲ್ಲ. ಬಾಟಲಿಗಳೂ ಗುಜರಿಯವು, ಗೀರು ಬಿದ್ದವು. ಕೆಲವು ದಿನ ಆದ ಮೇಲೆ ಮಂಚದ ಕೆಳಗೆ ಒಂದು ಢಮ್ ಅಂತು. ಉಳಿದವನ್ನು ಉಳಿಸಿಕೊಳ್ಳೋಣ ಅಂತ, ಸಂಜೆ ಎರಡು ಪೆಗ್ ಆದ ಮೇಲೆ, ಬರಿಗೈಲಿ ಒಂದೊಂದೇ ಎತ್ತಿಡಲು ಹೋದರು. ಎರಡನೆಯದು ಅಂಗೈಯಲ್ಲೇ ಒಡೆಯಿತು.

ಮೇಲಿಂದ ನೋಡಿದರೆ ಒಂದೂವರೆ ಇಂಚಿನ ಗಾಯ, ನಾಲ್ಕು ಹೊಲಿಗೆ ಹಾಕಿ ಕಳಿಸಬಹುದು ಅನ್ನುವ ಹಾಗಿತ್ತು. ಆದರೆ ಗಾಜು ಆಳಕ್ಕೆ ಇಳಿಯುತ್ತದೆ. ಬೆರಳು ಮಡಚಿಸುವ ಸ್ನಾಯುರಜ್ಜು ತುಂಡಾಗಿದೆಯೇ ಅಂತ ತಿಳಿಯಲು ಒಂದೊಂದೇ ಬೆರಳನ್ನು ಮಡಚಲು ಹೇಳುತ್ತೇವೆ. ತುದಿ ಗೆಣ್ಣಿಗೆ ಒಂದು ಪರೀಕ್ಷೆ, ನಡು ಗೆಣ್ಣಿಗೆ ಇನ್ನೊಂದು. ಸ್ಪರ್ಶ ಗೊತ್ತಾಗುತ್ತದೆಯೇ ಅಂತಲೂ ಕೇಳುತ್ತೇವೆ. ಕುಡಿದವರು ಎಲ್ಲದಕ್ಕೂ ‘ಹೂಂ’ ಅನ್ನುತ್ತಾರೆ. ಉಂಗುರದ ಬೆರಳು ಮಡಚಿ ಅಂದರೆ ಇಡೀ ಕೈ ಮಡಚುತ್ತಾರೆ, ನಗುತ್ತಾರೆ. ಸರಿಯಾದ ಪರೀಕ್ಷೆಗೆ ಬೆಳಗಾಗುವವರೆಗೆ ಕಾಯಬೇಕಾಯಿತು. ಎರಡು ಬೆರಳಿನ ಸ್ನಾಯುರಜ್ಜು ತುಂಡಾಗಿತ್ತು. ಆಪರೇಷನ್ ಆದ ಮೇಲೆ ಆರು ವಾರ ಪಟ್ಟಿ, ಭಾರ ಎತ್ತಲು ಮೂರು ತಿಂಗಳು. ಅವರ ತೋಟದಲ್ಲಿ ಅರೇಬಿಕಾ ಕುಯ್ಲು ಶುರುವಾಗಿದ್ದ ಹೊತ್ತು ಅದು.

ಒಂದು ಬಾಟಲಿ ಒಡೆದರೆ ಉಳಿದವೂ ಅದೇ ಹಾದಿ ಅಂತ ತಿಳಿಯಿರಿ. ಮುಟ್ಟಬೇಡಿ. ದಪ್ಪ ಕಂಬಳಿ ಹೊದಿಸಿ, ಬಾಗಿಲು ಹಾಕಿ, ಮಕ್ಕಳು ನಾಯಿ ಯಾರೂ ಆ ಕಡೆ ಹೋಗದ ಹಾಗೆ ನೋಡಿಕೊಳ್ಳಿ. ತೆಗೆಯಲೇಬೇಕು ಅಂದರೆ ಬೆಳಿಗ್ಗೆ, ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಚರ್ಮದ ಗ್ಲೌಸ್ ಹಾಕಿಕೊಂಡು. ಗಾಯದಲ್ಲಿ ಗಾಜು ಚುಚ್ಚಿಕೊಂಡಿದ್ದರೆ ಕೀಳಬೇಡಿ, ಅಕ್ಕಪಕ್ಕ ಒತ್ತಿ ಹಿಡಿದು ಬನ್ನಿ.

ಇನ್ನು ಗಾಳಿಯ ವಿಷಯ. ವರ್ಟ್ ಮೊದಲ ಕುದಿ ಬರುವಾಗ ನೊರೆ ಒಮ್ಮೆಲೇ ಮೇಲೇಳುತ್ತದೆ. ಆಗ ಪಕ್ಕದಲ್ಲಿ ನಿಂತು ಉರಿ ತಗ್ಗಿಸದಿದ್ದರೆ ಉಕ್ಕಿ ಒಲೆ ಆರುತ್ತದೆ. ಗ್ಯಾಸ್ ಮಾತ್ರ ಬರುತ್ತಲೇ ಇರುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಕೂರುತ್ತದೆ. ವಾಸನೆ ಬಂದಕೂಡಲೇ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಗೆ ಬನ್ನಿ. ಸ್ವಿಚ್ ಮುಟ್ಟಬೇಡಿ. ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಕುಡಿದು ಸಿಗರೇಟು ಹಚ್ಚಿಕೊಂಡು ‘ಅರೆ, ಒಲೆ ಆರಿದೆಯಲ್ಲ’ ಅಂತ ಬಗ್ಗಿ ನೋಡುವುದು ಎಂಥದ್ದು ಅಂತ ಊಹಿಸಿಕೊಳ್ಳಿ. ಮಳೆ ಅಂತ ಶೆಡ್ ಬಾಗಿಲು ಹಾಕಿಕೊಂಡು ಇದ್ದಿಲು ಕೆಂಡ ಇಟ್ಟುಕೊಳ್ಳುವವರೂ ಇದ್ದಾರೆ. ಕೆಂಡದ ಕಾರ್ಬನ್ ಮೋನಾಕ್ಸೈಡ್‌ಗೆ ವಾಸನೆ ಇಲ್ಲ. ಅದರ ಲಕ್ಷಣ ತಲೆನೋವು, ವಾಕರಿಕೆ, ಜೋಂಪು. ಕುಡಿದವನು ಅದನ್ನು ಬಿಯರ್ ಲೆಕ್ಕಕ್ಕೆ ಬರೆದುಕೊಂಡು ಅಲ್ಲೇ ಒರಗುತ್ತಾನೆ. ತೊಳೆಯುವಾಗ ಬ್ಲೀಚ್ ಜೊತೆ ವಿನೆಗರ್ ಆಗಲಿ, ಟಾಯ್ಲೆಟ್ ಆಸಿಡ್ ಆಗಲಿ ಬೆರೆಸಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಪೈಪನ್ನು ಬಾಯಲ್ಲಿ ಎಳೆದು ಸೈಫನ್ ಮಾಡುವ ಅಭ್ಯಾಸ ಇರುವವರು ಒಂದು ದಿನ ಬಿಯರ್ ಬದಲು ತೊಳೆಯುವ ಕಾಸ್ಟಿಕ್ ಎಳೆಯುತ್ತಾರೆ.

ಜನ ನನ್ನನ್ನು ಜಾಸ್ತಿ ಕೇಳುವುದು ಇದ್ಯಾವುದನ್ನೂ ಅಲ್ಲ. “ಮನೇಲಿ ಮಾಡಿದ್ದು ಕುಡಿದರೆ ಕಣ್ಣು ಹೋಗುತ್ತಾ ಡಾಕ್ಟ್ರೇ?” ಅಂತ. ಕಣ್ಣು ಹೋಗುವುದು ಮಿಥನಾಲ್‌ನಿಂದ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತದ್ದು ಹಳಬರಿಗೆ ನೆನಪಿದೆ. ಅದು ಮಿಥನಾಲ್ ಬೆರೆತ ಸಾರಾಯಿ. ಬಾರ್ಲಿ ಮಾಲ್ಟ್ ಹುಳಿಬಂದಾಗ ಹುಟ್ಟುವ ಮಿಥನಾಲ್ ಲೆಕ್ಕಕ್ಕೆ ಬಾರದಷ್ಟು. ಹಾಗಂತ ಅದನ್ನು ಭಟ್ಟಿ ಇಳಿಸಲು ಹೋದರೆ ಅಪಾಯವೇ ಬೇರೆ, ಅದರ ಹತ್ತಿರವೂ ಸುಳಿಯಬೇಡಿ.

ಕೊನೆಗೆ ಆಸ್ಪತ್ರೆಯಲ್ಲಿ ಹೇಳುವ ಸುಳ್ಳಿನ ಬಗ್ಗೆ. ಅಬಕಾರಿಯವರಿಗೆ ಗೊತ್ತಾದೀತು ಅಂತ ಹೆದರಿ ಕುಡಿದದ್ದನ್ನು ಮುಚ್ಚಿಡುತ್ತಾರೆ. ದೊಡ್ಡ ಸುಟ್ಟ ಗಾಯಕ್ಕೆ ಪೊಲೀಸರಿಗೆ ಹೋಗುವ ವೈದ್ಯಕೀಯ-ಕಾನೂನು ವರದಿ, ಅಂದರೆ ಎಂಎಲ್‌ಸಿ ಬರೆಯಲೇಬೇಕಾಗುತ್ತದೆ, ಅದನ್ನು ನಾನೂ ಮುಚ್ಚಿಡುವುದಿಲ್ಲ. ಆದರೆ ಕುಡಿದದ್ದು ಗೊತ್ತಿಲ್ಲದೆ ನಾವು ಜೋರಾದ ನೋವಿನ ಇಂಜೆಕ್ಷನ್ ಕೊಟ್ಟರೆ ಉಸಿರಾಟ ಕುಗ್ಗಬಹುದು. ಹೊಟ್ಟೆ ತುಂಬಿರುವಾಗ ಅನಸ್ತೇಷಿಯಾ ಕೊಟ್ಟರೆ ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ಜಾರಿ ತಲೆಗೆ ಪೆಟ್ಟು ಬಿದ್ದವನು ಮಂಪರಿನಲ್ಲಿದ್ದರೆ ಅದು ಬಿಯರಿನ ಮಂಪರೋ ತಲೆಯೊಳಗಿನ ರಕ್ತಸ್ರಾವವೋ ಅಂತ ನಾವು ನಿರ್ಧರಿಸಬೇಕು. ಅನುಮಾನ ಬಂದರೆ ಸ್ಕ್ಯಾನ್ ಮಾಡಿಸುತ್ತೇವೆ, ‘ನಿದ್ದೆ ಮಾಡಲಿ ಬಿಡಿ’ ಅನ್ನುವುದಿಲ್ಲ. ನೀವೂ ಅನ್ನಬೇಡಿ. ಎಷ್ಟು ಕುಡಿದದ್ದು, ಎಷ್ಟು ಹೊತ್ತಿಗೆ, ಕೊನೆಯ ಊಟ ಯಾವಾಗ, ಟಿಟಿ ಇಂಜೆಕ್ಷನ್ ಯಾವ ವರ್ಷ. ಇಷ್ಟನ್ನು ಜೊತೆಗೆ ಬಂದವರು ಹೇಳಿದರೂ ಸಾಕು.

ಮೂಡಿಗೆರೆ ಕಡೆಯ ಒಂದು ಗುಂಪಿನವರು ಮಾಡಿಕೊಂಡಿರುವ ಏರ್ಪಾಡು ನನಗೆ ಹಿಡಿಸಿತು. ಹಂಡೆ ಒಬ್ಬನ ಹೆಸರಿಗೆ. ಆ ದಿನ ಅವನಿಗೆ ಮಜ್ಜಿಗೆ ಮಾತ್ರ. ಒಲೆ, ಸಕ್ಕರೆ, ರೀಡಿಂಗ್ ಬುಕ್ಕು ಮೂರನ್ನೂ ಅವನೊಬ್ಬನೇ ಮುಟ್ಟಬೇಕು. ಉಳಿದವರು ಏನಾದರೂ ಕುಡಿಯಲಿ, ಹಳದಿ ಗೆರೆ ದಾಟಿ ಶೆಡ್ ಒಳಗೆ ಬರುವ ಹಾಗಿಲ್ಲ. ಮುಂದಿನ ಸಲ ಇನ್ನೊಬ್ಬನ ಪಾಳಿ. ಪಾಳಿ ತಪ್ಪಿಸಿಕೊಂಡವನು ಮುಂದಿನ ಎಲ್ಲ ಸಲವೂ ಪಾತ್ರೆ ತೊಳೆಯಬೇಕಂತೆ, ಹಾಗಾಗಿ ಈವರೆಗೆ ಯಾರೂ ತಪ್ಪಿಸಿಲ್ಲ.