ಚಿತ್ರ ಬಿಡಿಸಿದರೆ ಕೈ ಇನ್ನೂ ಬೇಗ ಸೋಲುತ್ತದಾ?

ಪ್ರಶ್ನೆ: ನನ್ನ ಮಗನಿಗೆ 16 ವರ್ಷ. ಡಿಎಂಡಿ (ಸ್ನಾಯುಗಳು ಕ್ರಮೇಣ ಸೋಲುವ ಡುಶೇನ್ ಮಸ್ಕ್ಯುಲರ್ ಡಿಸ್ಟ್ರೊಫಿ ಕಾಯಿಲೆ) ಇದೆ, ವೀಲ್‌ಚೇರ್‌ನಲ್ಲೇ ಓಡಾಟ. ದಿನಾ ಎರಡು ಮೂರು ಗಂಟೆ ಚಿತ್ರ ಬಿಡಿಸುತ್ತಾನೆ. ಇದರಿಂದ ಅವನಿಗೆ ಒಳ್ಳೆಯದಾಗುತ್ತದಾ, ಇಲ್ಲ ಕೈಯಲ್ಲಿ ಉಳಿದಿರುವ ಶಕ್ತಿಯೂ ಬೇಗ ಹೋಗುತ್ತದಾ?
– ತಾಯಿಯೊಬ್ಬರು, ಹನುಮಂತನಗರ

ಉತ್ತರ: ಮೊದಲು ಭಯದ ಮಾತು ಮುಗಿಸಿಬಿಡೋಣ. ಪೆನ್ಸಿಲ್ ಹಿಡಿದು ಗೀಚುವುದರಿಂದ ಈ ಕಾಯಿಲೆ ಬೇಗ ಮುಂದುವರಿಯುವುದಿಲ್ಲ. ಡಿಎಂಡಿ ಇದ್ದವರಲ್ಲಿ ಸ್ನಾಯುಗಳನ್ನು ಕಾಪಾಡುವ ಡಿಸ್ಟ್ರೊಫಿನ್ ಎಂಬ ಪ್ರೋಟೀನ್ ತಯಾರಾಗುವುದಿಲ್ಲ. ಅದಕ್ಕೇ ಭಾರ ಎತ್ತುವ ಕಸರತ್ತು ಬೇಡ ಎಂದು ಡಾಕ್ಟರು ಹೇಳುವುದು. ಚಿತ್ರ ಆ ಲೆಕ್ಕಕ್ಕೆ ಬರುವುದಿಲ್ಲ. ನೋವು, ಸುಸ್ತು ಅಂದಾಗ ನಿಲ್ಲಿಸಿದರೆ ಸಾಕು.

ಈ ಕಾಯಿಲೆಯಲ್ಲಿ ಮೊದಲು ಸೋಲುವುದು ಸೊಂಟ, ತೊಡೆ, ಭುಜ. ಬೆರಳುಗಳ ಸರದಿ ತುಂಬಾ ತಡವಾಗಿ ಬರುತ್ತದೆ. ತಟ್ಟೆಯಿಂದ ತುತ್ತು ಎತ್ತಲು ಒದ್ದಾಡುವ ಹುಡುಗ, ಮೊಣಕೈಗೆ ಆಸರೆ ಸಿಕ್ಕರೆ ಕೂದಲೆಳೆಯಂಥ ಗೆರೆ ಎಳೆಯಬಲ್ಲ.

ನಮ್ಮ ಬೀದಿಯಲ್ಲೇ ಇಂಥ ಒಬ್ಬ ಹುಡುಗ ಇದ್ದಾನೆ. ಹನ್ನೆರಡನೇ ವಯಸ್ಸಿನಲ್ಲಿ ದೊಡ್ಡ ಡ್ರಾಯಿಂಗ್ ಶೀಟ್ ತುಂಬಾ ಬಣ್ಣ ಬಳಿಯುತ್ತಿದ್ದ. ಈಗ ಹಾಳೆ ಅಂಗೈಯಗಲಕ್ಕೆ ಇಳಿದಿದೆ, ತೋಳು ಅಷ್ಟೇ ದೂರ ಹೋಗುವುದು. ಹೋದ ವರ್ಷ ಬಸವನಗುಡಿಯ ಕಡಲೆಕಾಯಿ ಪರಿಷೆಯ ಚಿತ್ರ ತೋರಿಸಿದ. ಒಂದು ಮುಖವೂ ಇಲ್ಲ! ಬರೀ ಸೊಂಟ, ಸೆರಗು, ಮೊಣಕೈ, ಜೋತಾಡುವ ಕವರ್, ಸೇರಿನಲ್ಲಿ ಕಾಯಿ ಅಳೆಯುವ ಕೈ. ವೀಲ್‌ಚೇರ್‌ನಲ್ಲಿ ಕೂತವನಿಗೆ ಪರಿಷೆ ಕಾಣುವುದೇ ಹಾಗೆ ಅಲ್ವಾ? ಹಾಳೆ ಸೊಟ್ಟಗಿದೆ ಎಂದು ನಾನು ಸರಿಮಾಡಲು ಹೋದೆ. "ಮುಟ್ಬೇಡಿ ಅಂಕಲ್, ಹಾಗೇ ಇರ್ಲಿ" ಅಂದ. ಮಗ್ಗುಲು ಬದಲಿಸುವುದರಿಂದ ಸ್ನಾನದವರೆಗೆ ದಿನವಿಡೀ ಇನ್ನೊಬ್ಬರ ಕೈ ಕಾಯುವ ಹುಡುಗನ ಬಾಯಲ್ಲಿ ಆ 'ಮುಟ್ಬೇಡಿ' ಕೇಳಿ ನನಗೆ ಖುಷಿಯೇ ಆಯಿತು.

ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಕಲಾವಿದ ಪಾಲ್ ಕ್ಲೀ ಅವರಿಗೆ ಚರ್ಮ ಬಿಗಿಯುವ ಸ್ಕ್ಲೆರೋಡರ್ಮಾ ಎಂಬ ಅಪರೂಪದ ಕಾಯಿಲೆ 1935ರಲ್ಲಿ ಶುರುವಾಯಿತು. ಗೆರೆಗಳು ದಪ್ಪಗಾದವು, ಸರಳವಾದವು. ಆದರೆ 1939 ಒಂದೇ ವರ್ಷದಲ್ಲಿ 1,200ಕ್ಕೂ ಜಾಸ್ತಿ ಚಿತ್ರ ಮಾಡಿದರು. ಮರುವರ್ಷ ತೀರಿಕೊಂಡರು.

ಒಳ್ಳೆಯದಾಗುತ್ತದಾ ಅಂದರೆ, 2016ರಲ್ಲಿ ಅಮೆರಿಕದಲ್ಲಿ 39 ಜನರನ್ನು 45 ನಿಮಿಷ ಚಿತ್ರ, ಮಣ್ಣಿನ ಕೆಲಸಕ್ಕೆ ಕೂರಿಸಿ ನೋಡಿದರು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಇಳಿದಿತ್ತು. ಆದರೆ ಅವರೆಲ್ಲ ಆರೋಗ್ಯವಾಗಿದ್ದ ದೊಡ್ಡವರು. ಅದನ್ನು ಹಿಡಿದು ನಿಮ್ಮ ಮಗನಿಗೆ ಭರವಸೆ ಕೊಡಲಾರೆ. ಮನಸ್ಸು ಹಗುರಾಗಬಹುದು, ಕಾಯಿಲೆ ನಿಲ್ಲುವುದಿಲ್ಲ. ಸ್ಟೀರಾಯ್ಡ್ ಮಾತ್ರೆ, ಫಿಸಿಯೊ, ಹೃದಯ ಮತ್ತು ಉಸಿರಾಟದ ತಪಾಸಣೆ ಡಾಕ್ಟರು ಹೇಳಿದಂತೆ ನಡೆಯಲೇಬೇಕು. ಅಪರೂಪದ ಕಾಯಿಲೆಗಳಿಗೆ ಕೇಂದ್ರ ಸರ್ಕಾರ ಗುರುತಿಸಿದ ಕೇಂದ್ರ ಬೆಂಗಳೂರಿನಲ್ಲೇ ಇದೆ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯ ಜೊತೆಗೂಡಿ ನಡೆಯುವಂಥದ್ದು. ನೆರವಿನ ವಿಚಾರ ಅಲ್ಲಿ ಕೇಳಿ.

ಮನೆಯಲ್ಲಿ ಮಾಡಬೇಕಾದ್ದು ಸಣ್ಣ ಕೆಲಸ. ಮೇಜು ಮೊಣಕೈ ಮಟ್ಟಕ್ಕಿರಲಿ, ತೋಳು ಪೂರ್ತಿ ಅದರ ಮೇಲೆ ಕೂರಬೇಕು. ಎಚ್‌ಬಿ ಪೆನ್ಸಿಲ್ ಒತ್ತಬೇಕಾಗುತ್ತದೆ, 6ಬಿ ಕೊಡಿ. ಸುಮ್ನೆ ಸವರಿದರೂ ಕಪ್ಪಗೆ ಮೂಡುತ್ತದೆ. ಒಂದೇ ಕಡೆ ವಾಲಿ ಕೂರದಂತೆ ನೋಡಿಕೊಳ್ಳಿ, ಈ ಕಾಯಿಲೆಯಲ್ಲಿ ಬೆನ್ನುಮೂಳೆ ಬಾಗುವುದು ಜಾಸ್ತಿ.

ಚಿತ್ರಗಳನ್ನು ನೆಂಟರ ಗ್ರೂಪಿಗೆ ಹಾಕುವ ಮೊದಲು ಅವನನ್ನೇ ಕೇಳಿ. ನಮ್ಮ ಬೀದಿಯ ಹುಡುಗನಿಗೆ ಜನವರಿಯ ಚಿತ್ರಸಂತೆಯಲ್ಲಿ ಮಳಿಗೆ ಹಾಕು ಎಂದು ಎಲ್ಲರೂ ದುಂಬಾಲು ಬಿದ್ದಿದ್ದರು. ಅವನು ಒಪ್ಪಲಿಲ್ಲ. ಆದರೆ ಸಂತೆ ನಡೆಯುವ ಕುಮಾರಕೃಪಾ ರಸ್ತೆಗೆ ಅಪ್ಪನ ಜೊತೆ ಹೋಗಿಬಂದ. "ಎಷ್ಟೊಂದು ಜನ ಅಂಕಲ್, ಒಳ್ಳೊಳ್ಳೆ ಮೊಣಕೈ ಸಿಕ್ಕಿದ್ವು" ಅಂದ.