ಹಟ್ಟಿ ಕಲ್ಲಲ್ಲಿ ಹೊಳೆಯೋದು ಬಂಗಾರವಲ್ಲ

ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದು ರಿಟೈರ್ ಆದ ನಮ್ಮ ಮಾವನ ಕಪಾಟಿನಲ್ಲಿ ಒಂದು ಕಲ್ಲಿದೆ. ಕಪ್ಪು ಕಲ್ಲು, ನಡುವೆ ಬಿಳಿ ಬೆಣಚಿನ ಪಟ್ಟಿ, ಅದರಲ್ಲಿ ಹಳದಿ ಮಿಣುಕು. ಚಿಕ್ಕವನಿದ್ದಾಗ ‘ಮಾಮಾ, ಬಂಗಾರನಾ?’ ಅಂತ ಕೇಳಿದ್ದೆ. ‘ಅದು ಗಂಧಕ ಕೂಡಿದ ಕಬ್ಬಿಣ. ಬಂಗಾರ ಇದ್ರೂ ನಿನ್ನ ಕಣ್ಣಿಗೆ ಕಾಣಂಗಿಲ್ಲ’ ಅಂದಿದ್ದರು.

ಅವರು ಹೇಳಿದ್ದು ನಿಜ. ಬಂಗಾರ ತೀರಾ ಅಪರೂಪದ ಲೋಹ. ಸಾಮಾನ್ಯ ಕಲ್ಲಾದರೆ ಒಂದು ಟನ್ನಿಗೆ ಕೆಲವೇ ಮಿಲಿಗ್ರಾಂ. ಹಟ್ಟಿಯ ಅದಿರಿನಲ್ಲಿ ಕೆಲವು ಗ್ರಾಂ, ಅಂದರೆ ಸಾವಿರ ಪಟ್ಟು ಜಾಸ್ತಿ. ಸುಮಾರು 250 ಕೋಟಿ ವರ್ಷಗಳ ಹಿಂದೆ ಆಳದಿಂದ ಬಿಸಿನೀರು ಬಿರುಕುಗಳಲ್ಲಿ ಏರಿ ಬಂತು. ಅದರಲ್ಲಿ ಕರಗಿದ್ದ ಬಂಗಾರ ಬೆಣಚಿನ ಜೊತೆ ಅಲ್ಲೇ ಉಳಿಯಿತು. ಅದಕ್ಕೂ ಮುಂಚಿನ ಕಥೆ ಆಕಾಶದ್ದು. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳು, ಅಂದರೆ ಸತ್ತ ದೊಡ್ಡ ನಕ್ಷತ್ರಗಳ ದಟ್ಟ ತಿರುಳುಗಳು, ಢಿಕ್ಕಿ ಹೊಡೆದದ್ದು ಪತ್ತೆಯಾಯಿತು. ಬಂಗಾರದಂಥ ಭಾರದ ಧಾತುಗಳು ಇಂಥ ಕಡೆ ಹುಟ್ಟುತ್ತವೆ.

ಬೆಳ್ಳಿ ಬೆಳ್ಳಗಿದೆ, ಬಂಗಾರ ಮಾತ್ರ ಯಾಕೆ ಹಳದಿ? ಆವರ್ತ ಕೋಷ್ಟಕದಲ್ಲಿ ಎರಡೂ ಒಂದರ ಕೆಳಗೊಂದು ಕೂತಿವೆ, ಅಲ್ವಾ? ಬಂಗಾರದ ಪರಮಾಣುವಿನ ನಡುವೆ 79 ಪ್ರೋಟಾನುಗಳಿವೆ. ಅವುಗಳ ಎಳೆತಕ್ಕೆ ಒಳಗಿನ ಎಲೆಕ್ಟ್ರಾನುಗಳು ಬೆಳಕಿನ ಅರ್ಧಕ್ಕಿಂತ ಜಾಸ್ತಿ ವೇಗದಲ್ಲಿ ಓಡುತ್ತವೆ. ಆಗ ಐನ್‌ಸ್ಟೈನ್ ಹೇಳಿದ ಸಾಪೇಕ್ಷತೆಯ ಲೆಕ್ಕ ಶುರುವಾಗುತ್ತದೆ. ಎಲೆಕ್ಟ್ರಾನುಗಳ ಶಕ್ತಿಮಟ್ಟಗಳು ಸರಿದು, ಲೋಹ ನೀಲಿ ಬೆಳಕನ್ನು ಹೀರುತ್ತದೆ. ಉಳಿದದ್ದು ಹಳದಿಯಾಗಿ ಕಾಣುತ್ತದೆ. ಐನ್‌ಸ್ಟೈನ್ ಲೆಕ್ಕ ಪತ್ತಾರನ ಒರೆಗಲ್ಲಿನ ಮೇಲೆ ಹಳದಿ ಗೆರೆಯಾಗಿ ಮೂಡುತ್ತದೆ ಅನ್ನೋದು ನನಗೆ ಈಗಲೂ ಸೋಜಿಗ.

ಆ ಗೆರೆಗೆ ಪತ್ತಾರ ಒಂದು ಹನಿ ನೈಟ್ರಿಕ್ ಆಮ್ಲ ಬಿಡುತ್ತಾನೆ. ತಾಮ್ರವಾದರೆ ಕರಗಿ ಹೋಗುತ್ತದೆ, ಬಂಗಾರ ಜಗ್ಗುವುದಿಲ್ಲ. ಗಾಳಿ, ನೀರಿಗೂ ತುಕ್ಕು ಹಿಡಿಯುವುದಿಲ್ಲ. ಅದಕ್ಕೇ ನಮ್ಮ ಸಿಮ್ ಕಾರ್ಡಿನ ಮೇಲೂ ತೆಳುವಾದ ಬಂಗಾರದ ಲೇಪ ಇರುತ್ತದೆ.

ಇಷ್ಟು ಹಟಮಾರಿ ಲೋಹವೂ ಗಾಳಿಯ ಆಮ್ಲಜನಕ ಜೊತೆಗಿದ್ದರೆ ಸಯನೈಡ್ ನೀರಿನಲ್ಲಿ ಕರಗುತ್ತದೆ. 1887ರಲ್ಲಿ ಸ್ಕಾಟ್ಲೆಂಡಿನಲ್ಲಿ ಈ ವಿಧಾನ ರೂಪುಗೊಂಡಿತು. ಕಲ್ಲನ್ನು ಹಿಟ್ಟಿನಂತೆ ಅರೆದು, ಕಣ್ಣಿಗೆ ಕಾಣದ ಕಣಗಳನ್ನೂ ಹೀಗೆ ಎಳೆದು ತೆಗೆಯುತ್ತಾರೆ. ವಿಷದ ನೀರನ್ನು ಆಮೇಲೆ ಸುಮ್ನೆ ಹರಿಯಬಿಡುವ ಹಾಗಿಲ್ಲ. ಸಲೀಸಾದ ಕಸುಬೇನಲ್ಲ ಇದು.

ನಮ್ಮ ರಾಯಚೂರು ಸೀಮೆಯಲ್ಲಿ ಬಂಗಾರ ಹುಡುಕಲು ಬಂದವರಿಗೆ ಬೇರೆಯದೂ ಸಿಕ್ಕಿದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಬಂಡೆ ನೋಡುತ್ತಿದ್ದಾಗ ಕಂಡದ್ದು ಅಕ್ಷರ. ಅದು ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನಿಂದ ಬರುವ ರಾಜನನ್ನು ಅಶೋಕ ಎಂದು ಹೆಸರಿಟ್ಟು ಕರೆದ ಶಾಸನವಾಗಿತ್ತು.